ಎಲ್ಲ ಜಾಗದಲ್ಲೂ ಆಡಿದ ವರ್ಷ

ನಾವು ಟೋಕಿಯೋದ ಟೊಯೋಸುವಿನಲ್ಲಿ ಇಪ್ಪತ್ತೆರಡನೇ ಮಹಡಿಯ ಮನೆಯಲ್ಲಿದ್ದ ಆ ದಿನಗಳಲ್ಲಿ ಭಾನುವಾರವೆಂದರೆ ಒದ್ದೆ ಹುಲ್ಲಿನ ವಾಸನೆ, ಕೊಂಬಿನಿ ಅಂಗಡಿಯ ಅನ್ನದುಂಡೆ ಮತ್ತು ಫುಟ್‌ಬಾಲ್. ನನಗಾಗ ಹತ್ತು ವರ್ಷ. ಮಕ್ಕಳ ತಂಡದಲ್ಲಿ ನಾನೊಬ್ಬಳೇ ಭಾರತದವಳು. ಸ್ವಂತ ಜಾಗವಿಲ್ಲದವಳೂ ನಾನೊಬ್ಬಳೇ. ಒಂದು ವಾರ ಡಿಫೆನ್ಸ್, ಮರುವಾರ ವಿಂಗ್, ಗೋಲ್‌ಕೀಪರ್‌ಗೆ ಜ್ವರ ಬಂದರೆ ಗೋಲು ಕಾಯುವುದು. ನನಗದು ಅವಮಾನವೆನಿಸುತ್ತಿತ್ತು.

ಅದೇ ವರ್ಷ ನಮ್ಮ ಊರಿನ ವೃತ್ತಿಪರ ತಂಡಕ್ಕೆ ಸ್ಪೇನಿನ ಆಟಗಾರನೊಬ್ಬ ಬಂದಿದ್ದ. ಮೂವತ್ತೈದು ದಾಟಿತ್ತು, ತಲೆ ಅರ್ಧ ಬೋಳು. ಸ್ಟ್ರೈಕರ್ ಆಗಿ ಶುರು ಮಾಡಿದವನನ್ನು ಅಲ್ಲಿನ ಕ್ಲಬ್‌ನವರು ಮಿಡ್‌ಫೀಲ್ಡಿಗೆ ಎಳೆದರಂತೆ, ಆಮೇಲೆ ಡಿಫೆನ್ಸಿಗೆ. ಹದಿನೈದು ವರ್ಷ ಗಾಯಗೊಂಡವರ ಜಾಗ ತುಂಬುವುದೇ ಅವನ ಕೆಲಸವಾಗಿತ್ತು. ನಾವು ನೋಡಲು ಹೋದ ಪಂದ್ಯದಲ್ಲಿ ಗೋಲ್‌ಕೀಪರ್‌ಗೆ ರೆಡ್ ಕಾರ್ಡ್ ಬಿತ್ತು. ಬದಲಿ ಆಟಗಾರರ ಲೆಕ್ಕ ಮುಗಿದಿದ್ದರಿಂದ ಬೇರೆ ಯಾರನ್ನೂ ಇಳಿಸುವಂತಿರಲಿಲ್ಲ. ಇವನೇ ಗ್ಲೌಸ್ ಹಾಕಿಕೊಂಡು ನಿಂತ. ಒಂದು ಚೆಂಡು ತಡೆದ, ಎರಡು ಬಿಟ್ಟ.

"ಪಾಪ, ಇವನಿಗೂ ಜಾಗ ಇಲ್ಲ," ಎಂದೆ.

ಅಪ್ಪ ನನ್ನತ್ತ ತಿರುಗಿದರು. "ಓಗಾವಾ ಸಾನ್ ಹತ್ರ ನಾನು ಮಾತಾಡ್ತೀನಿ ಪುಟ್ಟಿ. ಫಿಕ್ಸೆಡ್ ಪೊಸಿಷನ್ ಕೊಡಿಸ್ತೀನಿ," ಎಂದರು. ಓಗಾವಾ ನಮ್ಮ ಕೋಚ್.

ಬರಿಗೈಯಲ್ಲಿ ಹೋಗಿ ಕೇಳುವುದು ಹೇಗೆಂದು, ಊರಿನಿಂದ ಅಜ್ಜಿ ಕಳಿಸಿದ್ದ ಮೈಸೂರ್ ಪಾಕಿನ ಡಬ್ಬಿಗೆ ಅಪ್ಪ ಚಂದದ ಕಾಗದ ಸುತ್ತಿಸಿ, ಒಬ್ಬರೇ ಹೋದರು. ಬಂದವರ ಮುಖ ಅರಳಿತ್ತು.

"ಇಷ್ಟು ದಿನ ಮಗಳನ್ನ ನೋಡಿಕೊಂಡ್ರಿ, ಅರಿಗಾತೋ, ಥ್ಯಾಂಕ್ಸ್ ಅಂದೆ. ಅದೆಷ್ಟು ಬಗ್ಗಿ ನಮಸ್ಕಾರ ಮಾಡಿದ್ರು ಗೊತ್ತಾ!"

"ಪೊಸಿಷನ್ ಕೇಳಿದ್ರಾ?"

"ಕೇಳೋಕೆ ಮೊದಲೇ ಅವರಿಗೆ ಅರ್ಥ ಆಯ್ತು."

ಓಗಾವಾ ಅವರಿಗೆ ಅರ್ಥವಾದದ್ದು ಬೇರೆ. ಅಲ್ಲಿ ಮಕ್ಕಳು ತಂಡ ಬಿಡುವಾಗಲೇ ತಂದೆತಾಯಿ ಸಿಹಿ ಡಬ್ಬಿ ಹಿಡಿದು ಬಂದು ಕೃತಜ್ಞತೆ ಹೇಳುವುದು.

ಭಾನುವಾರ ಹೋದರೆ ತಂಡವೆಲ್ಲ ಸಾಲಾಗಿ ನಿಂತಿತ್ತು. ಎಲ್ಲರೂ ಬೀಳ್ಕೊಡುಗೆಯ ಮಾತು ಬರೆದು ಸಹಿ ಹಾಕಿದ ರಟ್ಟೊಂದನ್ನು ಕೈಗಿತ್ತು ತಲೆಬಾಗಿದರು. ನನಗೆ ಜಪಾನಿ ನೀರು ಕುಡಿದಷ್ಟು ಸಲೀಸು. ಎರಡು ಮಾತು ಸಾಕಿತ್ತು. ಆದರೆ ಅಪ್ಪನ ತಪ್ಪನ್ನು ಅಷ್ಟು ಜನರ ಮುಂದೆ ಹೇಳಲು ಬಾಯಿ ಬರಲಿಲ್ಲ. ನಾನೂ ತಲೆಬಾಗಿದೆ. ಮನೆಯಲ್ಲಿ, ನನಗೇ ಬೇಜಾರಾಗಿ ತಂಡ ಬಿಟ್ಟೆನೆಂದೆ.

ರಟ್ಟನ್ನು ಲಿಫ್ಟಿನಲ್ಲಿ ಓದಿದ್ದೆ. 'ನೀನು ಹಿಂದಿದ್ದರೆ ನನಗೆ ಭಯವಿರಲಿಲ್ಲ' ಎಂದು ಒಬ್ಬ. 'ಎಡಗಡೆಯಿಂದ ಇನ್ನು ಯಾರು ಚೆಂಡು ಕೊಡುತ್ತಾರೆ?' ಎಂದು ಇನ್ನೊಬ್ಬಳು. ಗೋಲ್‌ಕೀಪರ್ ಬರೆದಿದ್ದ: 'ಇನ್ನು ನಾನು ಕಾಯಿಲೆ ಬೀಳುವಂತಿಲ್ಲ.' ಇಪ್ಪತ್ತೆರಡನೇ ಮಹಡಿ ಬಂದರೂ ಇಳಿಯದೆ ಅತ್ತೆ.

ಸೀಸನ್ ಮುಗಿದ ಮೇಲೆ ಸ್ಪೇನಿನವನೂ ಆಟ ಬಿಟ್ಟು ಊರಿಗೆ ಹೋದ. ಅವನ ಬದಲಿಗೆ ತಂಡದವರು ಮೂವರನ್ನು ತಂದರು.

ಈಗ ಟೋಕಿಯೋದ ಆಫೀಸೊಂದರಲ್ಲಿ ನನಗೆ ಕಾಯಂ ಸೀಟಿದೆ, ಬಾಗಿಲ ಪಟ್ಟಿಯಲ್ಲಿ ಹೆಸರಿದೆ. ಹೋದ ತಿಂಗಳು ಹತ್ತು ದಿನ ರಜೆ ಹಾಕಿದ್ದೆ. ಮರಳಿ ಬಂದು ಕೂತಾಗ ಪಕ್ಕದವರು, "ಓ, ನೀವು ರಜೆಯಲ್ಲಿದ್ದಿರಾ?" ಎಂದರು.