ಪೆಂಚೊ ತುಳಿಯದ ಇಳಿಜಾರು

ನೆದ್ಯಾಲ್ಕ ಮೂವತ್ತೊಂದು ವರ್ಷ ಡ್ರಯಾನ್‌ಕ ಹಳ್ಳಿಯಲ್ಲಿ ಅಂಚೆ ಹಂಚಿದವಳು. ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಕಾಲ್ನಡಿಗೆಯಲ್ಲೇ ಹೋಗುತ್ತಿದ್ದಳು. ಯಾರ ಅಂಗಳ ಹೇಗಿದೆಯೆಂಬುದು ಅವಳಿಗೆ ಕಣ್ಣು ಮುಚ್ಚಿದರೂ ಗೊತ್ತು. ಒಬ್ಬರ ಬಾವಿ ಅಡುಗೆಮನೆಗೆ ದೂರ. ಇನ್ನೊಬ್ಬರು ಗುಲಾಬಿಯನ್ನು ದಾರಿಯ ನಡುವೆ ನೆಟ್ಟು ವರ್ಷವೆಲ್ಲ ಬಟ್ಟೆ ಹರಿದುಕೊಳ್ಳುತ್ತಾರೆ.

"ಜನ ಅಂಗಳ ಮಾಡ್ಸೋದು ನೋಡೋರಿಗೋಸ್ಕರ, ಓಡಾಡಿ ಸಾಯೋದು ತಾವು" ಎಂದು ಸಂಜೆ ಗಂಡ ಪೆಂಚೊನ ಮುಂದೆ ಹೇಳುತ್ತಿದ್ದಳು. ಊರಿನ ಟ್ರ್ಯಾಕ್ಟರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಪೆಂಚೊ, "ನಮ್ದೇನು ಭಾರಿ ಚೆನ್ನಾಗಿದೆಯೇನೇ?" ಎನ್ನುತ್ತಿದ್ದ.

ಚೆನ್ನಾಗಿರಲಿಲ್ಲ. ಮನೆ ಎತ್ತರದಲ್ಲಿ; ಅಂಗಳಕ್ಕಿಳಿಯಲು ಪೆಂಚೊನ ಅಪ್ಪ ಹಾಕಿಸಿದ ಏಳು ಕಲ್ಲಿನ ಮೆಟ್ಟಿಲು. ಕೋಳಿಗೂಡು ಒಂದು ಮೂಲೆಗೆ, ತರಕಾರಿ ಮಡಿ ಇನ್ನೊಂದು ಮೂಲೆಗೆ. ನಿವೃತ್ತಳಾದ ಮೇಲೂ ಅವಳದು ಅದೇ ಓಡಾಟ. ಆ ವರ್ಷ ಫೆಬ್ರವರಿಯಲ್ಲಿ ಕೋಳಿಗಳಿಗೆ ಕಾಳು ಒಯ್ಯುವಾಗ ಹೆಪ್ಪುಗಟ್ಟಿದ ಎರಡನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು.

ಏಪ್ರಿಲಿನಲ್ಲಿ ಆಸ್ಪತ್ರೆಯಿಂದ ಊರುಗೋಲು ಹಿಡಿದು ಮರಳಿದಳು. ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಊರೆಲ್ಲ ತಿರುಗಿದ ಕಾಲು ಕಿಟಕಿಯ ಪಕ್ಕ ಸುಮ್ಮನೆ ಕೂತಿತು. ಮೂರು ದಿನ ಅತ್ತಳು. ನಾಲ್ಕನೆಯ ದಿನ ಹಳೆಯ ಟೆಲಿಗ್ರಾಂ ಫಾರಮ್ಮುಗಳನ್ನು ಹುಡುಕಿ ತೆಗೆದು ಅವುಗಳ ಬೆನ್ನಿಗೆ, ಬೆಳಗಿನಿಂದ ಸಂಜೆಯವರೆಗೆ ತಾನು ಅಂಗಳದಲ್ಲಿ ಮಾಡುವ ಕೆಲಸಗಳನ್ನು ಒಂದೊಂದಾಗಿ ಬರೆದಳು. ಆಮೇಲೆ ಆ ಕೆಲಸಗಳಿಗೆ ತಕ್ಕ ಹಾಗೆ ನಕ್ಷೆ ಬರೆದಳು. ಕೋಳಿಗೂಡು ಬಾಗಿಲ ಹತ್ತಿರ ಬಂತು. ತರಕಾರಿಗೆ ಸೊಂಟದೆತ್ತರದ ಮರದ ಪೆಟ್ಟಿಗೆಗಳಾದವು. ಇಪ್ಪತ್ತು ಹೆಜ್ಜೆಗೊಮ್ಮೆ ಕೂರಲು ಏನಾದರೊಂದು. ದ್ರಾಕ್ಷಿ ಚಪ್ಪರದ ಕೆಳಗೆ ಇಬ್ಬರಿಗೆ ಸಾಲುವ ಬೆಂಚು. ಮೆಟ್ಟಿಲ ಜಾಗದಲ್ಲಿ ಗೋಡೆಗುಂಟ ಕಾಂಕ್ರೀಟಿನ ಇಳಿಜಾರು.

"ಇದೇನು, ಅಂಚೆ ಕಚೇರಿ ಕಟ್ತಿದ್ದೀಯ?" ಎಂದು ಪೆಂಚೊ ಗೊಣಗಿದ. ಗೊಣಗುತ್ತಲೇ ಎಲ್ಲವನ್ನೂ ಮಾಡಿದ.

ಇಳಿಜಾರಿಗೆ ಮಾತ್ರ ಗಾರೆ ಕೆಲಸದ ಸ್ಲಾವ್ಚೊನನ್ನು ಕರೆಸಿದರು. ಅವನು ಬಂದದ್ದು ಮೇ ಮೊದಲ ವಾರದಲ್ಲಿ, ಸಂತ ಗೆಯೋರ್ಗಿಯ ಹಬ್ಬದ ಮರುದಿನ, ಹಬ್ಬದ ಅಮಲು ಇನ್ನೂ ಇಳಿದಿರಲಿಲ್ಲ. ಬೆಳಗಿನ ಬಿಸಿಲಲ್ಲಿ ಪೆಂಚೊ ಹಲಗೆ ಹಿಡಿದು ನಿಂತಿದ್ದ. ಇಳಿಜಾರಿನ ಕೆಳತುದಿಯ ಅಳತೆಗೆಂದು ಸ್ಲಾವ್ಚೊ ಕೆಂಪು ದಾರವನ್ನು ಪೆಂಚೊನ ಹಿಮ್ಮಡಿಯಿಂದ, ಅವನ ನೆರಳು ಬಿದ್ದಿದ್ದ ನೆಲದ ಮೇಲೆ ಎಳೆದು, ಕತ್ತರಿಸಿ, ಅಲ್ಲೇ ಬಿಟ್ಟು ಕಾಂಕ್ರೀಟು ಸುರಿದ. ಬೇಲಿಯಾಚೆಯಿಂದ ಪಕ್ಕದ ಮನೆಯ ಗಿನಾ ಅಜ್ಜಿ ನೋಡುತ್ತಿದ್ದಳು.

"ಏ ಸ್ಲಾವ್ಚೊ, ಎಂಥಾ ಕೆಲ್ಸ ಮಾಡ್ದೆಯೋ. ಹಿಮ್ಮಡಿಯಿಂದ ತಲೆವರೆಗೂ ಅವ್ನ ನೆರಳು ಅಳ್ದು ಹೂತುಬಿಟ್ಯಲ್ಲೋ."

ಹಿಂದೆ ಆ ಸೀಮೆಯ ಗಾರೆಯವರು ಗೋಡೆ ಗಟ್ಟಿ ನಿಲ್ಲಲೆಂದು ದಾರಿಹೋಕರ ನೆರಳನ್ನು ಗುಟ್ಟಾಗಿ ಅಳೆದು, ಆ ದಾರವನ್ನು ಅಡಿಪಾಯದಲ್ಲಿ ಇಡುತ್ತಿದ್ದರಂತೆ. ನೆರಳು ಕಳೆದುಕೊಂಡವನಿಗೆ ನಲವತ್ತು ದಿನ ಆಯುಸ್ಸು. ಅದಕ್ಕೇ ಅಲ್ಲಿಯ ಗಾರೆಯವರು ಇಂದಿಗೂ ಅಳತೆ ಮುಗಿದೊಡನೆ ದಾರವನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಸ್ಲಾವ್ಚೊ ತನ್ನ ಜೇಬು ಮುಟ್ಟಿ ನೋಡಿಕೊಂಡ. ದಾರ ಅಲ್ಲಿರಲಿಲ್ಲ.

ಪೆಂಚೊ ನಕ್ಕ. "ಅಜ್ಜೀ, ನನ್ನ ನೆರಳು ಹೂತ್ರೆ ಡೀಸೆಲ್ ವಾಸ್ನೆ ಬರುತ್ತೆ, ಅಷ್ಟೇ."

ನೆದ್ಯಾಲ್ಕಳಿಗೆ ಆ ಮೇ ತಿಂಗಳು ಹೊಸ ಜನ್ಮದಂತಿತ್ತು. ಊರುಗೋಲು ಟಕಟಕ ಎನ್ನಿಸುತ್ತ ಇಳಿಜಾರು ಇಳಿಯುವಳು, ಕೋಳಿಗಳಿಗೆ ಕಾಳು ಹಾಕುವಳು, ನಿಂತೇ ಈರುಳ್ಳಿಯ ಕಳೆ ಕೀಳುವಳು, ಚಪ್ಪರದ ಕೆಳಗೆ ಕೂತು ಗಂಡನಿಗೆ ಜಾಗ ಬಿಡುವಳು. ಹಾಗೆ ಬಿಟ್ಟ ಜಾಗ ಖಾಲಿಯೇ ಉಳಿಯುತ್ತಿದೆಯೆಂಬುದು ಅವಳ ಗಮನಕ್ಕೆ ಬರಲು ಎರಡು ವಾರ ಬೇಕಾಯಿತು.

ಆಮೇಲೆ ಒಂದೊಂದಾಗಿ ಕಾಣತೊಡಗಿತು. ಇಳಿಜಾರಿನ ಮೇಲೆ ಎಲ್ಲರೂ ನಡೆಯುತ್ತಿದ್ದರು, ಕೋಳಿಗಳು ಕೂಡ. ಪೆಂಚೊ ಮಾತ್ರ ಹಿತ್ತಲಿನಲ್ಲಿ ಏಣಿ ಹಾಕಿ ಸೌದೆ ಕೋಣೆಯ ಕಡೆಯಿಂದ ಹತ್ತಿ ಬರುತ್ತಿದ್ದ. ತಟ್ಟೆಯಲ್ಲಿ ಊಟ ಹಾಗೇ ಉಳಿಯುತ್ತಿತ್ತು. ಜೇನುಪೆಟ್ಟಿಗೆಗಳನ್ನು ತಮ್ಮನಿಗೆ ಕೊಟ್ಟುಬಿಟ್ಟ. ಒಂದು ಮಧ್ಯಾಹ್ನ ಅವಳನ್ನು ಮೀಟರಿನ ಮುಂದೆ ನಿಲ್ಲಿಸಿ, "ಫ್ಯೂಸ್ ಹೋದ್ರೆ ತಂತಿ ಹೀಗೆ ಸುತ್ತಬೇಕು. ಒಂದ್ಸಲ ನೀನೇ ಮಾಡು, ನೋಡೋಣ" ಎಂದ.

ಅವಳು ತಂತಿ ಸುತ್ತಿದಳು. "ಯಾಕೆ, ನೀನೆಲ್ಲಿಗೆ ಹೊರಟಿದ್ದೀಯ?"

"ಎಲ್ಲಿಗೂ ಇಲ್ಲ. ಕಲ್ತಿರು."

ಪಟ್ಟಣದ ಡಾಕ್ಟರು ಹೃದಯ, ರಕ್ತ ಎಲ್ಲ ಸರಿಯಿದೆಯೆಂದರು. ಸೊಂಟಪಟ್ಟಿಗೆ ಮಾತ್ರ ಪೆಂಚೊ ಎರಡು ಹೊಸ ತೂತು ಹೊಡೆದುಕೊಂಡಿದ್ದ.

ಕಾಂಕ್ರೀಟು ಸುರಿದ ಇಪ್ಪತ್ತಾರನೆಯ ದಿನ ಅವಳು ನೇರವಾಗಿ ಕೇಳಿದಳು. "ಆ ಅಜ್ಜಿ ಮಾತನ್ನ ನಂಬ್ತೀಯೇನೋ ನೀನು?"

"ನಂಬಲ್ಲ. ಆದ್ರೆ ಅದ್ರ ಮೇಲೆ ಕಾಲಿಡಕ್ಕೆ ಆಗ್ತಿಲ್ಲ ಕಣೇ."

"ಹಾಗಿದ್ರೆ ಒಡ್ದುಹಾಕೋಣ."

"ತಲೆ ಕೆಟ್ಟಿದೆಯಾ? ಮೆಟ್ಲು ಕಿತ್ತಾಗಿದೆ. ಅದೊಂದು ಹೋದ್ರೆ ನೀನು ಮತ್ತೆ ಕಿಟಕಿ ಪಕ್ಕ ಕೂರ್ಬೇಕು."

ಅವಳಿಗೆ ಆಗ ತಿಳಿಯಿತು. ಒಡೆಯುವ ಯೋಚನೆ ಇವನಿಗೆ ಇಂದು ಬಂದದ್ದಲ್ಲ. ಹೆಂಡತಿಯ ಓಡಾಟ ನಿಂತೀತೆಂದು ಬಾಯಿ ಬಿಡದೆ ದಿನ ಎಣಿಸುತ್ತಿದ್ದಾನೆ. ತನಗೊಪ್ಪುವಂತೆ ತಾನು ಬರೆದ ಅಂಗಳದಲ್ಲಿ ಇವನಿಗೊಂದು ಬೆಂಚಿನ ತುದಿ ಬಿಟ್ಟರೆ ಇನ್ನೇನನ್ನೂ ಬರೆದಿರಲಿಲ್ಲವಲ್ಲ ಎಂದುಕೊಂಡಳು.

ಮರುಬೆಳಿಗ್ಗೆ ಅವಳು ಇಳಿಜಾರಿನ ಬುಡದಲ್ಲಿ ಸ್ಟೂಲು ಹಾಕಿಕೊಂಡು ಕೂತು ಸುತ್ತಿಗೆಯಿಂದ ಕುಟ್ಟತೊಡಗಿದಳು. ಚೂರು ಪಾರು ಏಳುತ್ತಿತ್ತು, ಅಷ್ಟೇ. ಗಿನಾ ಅಜ್ಜಿ ಬೇಲಿಯ ಮೇಲೆ ಬಗ್ಗಿ, "ಹೊಸಾದನ್ನ ಒಡೀತಿದ್ದೀಯಲ್ಲೇ, ನಿಂಗೇನಾಯ್ತು?" ಎಂದಳು.

"ಇವ್ನ ನೆರಳು ಹೂತುಬಿಟ್ಟ ಅಂದೋಳು ನೀನೇ ಅಲ್ವಾ? ಸುಮ್ನೆ ನೋಡ್ತಾ ನಿಂತ್ಕೋ ಅಜ್ಜಿ."

ಸೌದೆ ಕೋಣೆಯ ಕಡೆಯಿಂದ ಪೆಂಚೊ ಬಂದ. ಅವಳ ಕೈಯಿಂದ ಸುತ್ತಿಗೆ ಇಸಿದುಕೊಂಡು ಪಕ್ಕಕ್ಕಿಟ್ಟು, ತನ್ನ ದೊಡ್ಡ ಸುತ್ತಿಗೆ ತಂದ. ಸುದ್ದಿ ಕೇಳಿ ಸ್ಲಾವ್ಚೊನೂ ಹಾರೆ ಹಿಡಿದು ಓಡಿಬಂದ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಎರಡು ಮೀಟರು ಪುಡಿಯಾಯಿತು. ಸಿಕ್ಕಿದ್ದು ಮೊಳದುದ್ದದ ಒಂದೇ ತುಂಡು ಕೆಂಪು ದಾರ. ಉಳಿದದ್ದನ್ನು ಮೂವರೂ ಸಂಜೆಯವರೆಗೆ ಪುಡಿಯಲ್ಲಿ ಕೆದಕಿದರು, ಸಿಗಲಿಲ್ಲ. ಸಿಕ್ಕಿದ್ದನ್ನು ಪೆಂಚೊ ಮೆಣಸಿನಕಾಯಿ ಸುಡುವ ಒಲೆಯಲ್ಲಿ ಹಾಕಿ ಸುಟ್ಟ.

"ಸಾಕಾಗುತ್ತಾ ಅಷ್ಟು?" ನೆದ್ಯಾಲ್ಕ ಕೇಳಿದಳು. ಸ್ಲಾವ್ಚೊ ಟೋಪಿ ಸರಿಮಾಡಿಕೊಂಡು ಹಾರೆಗೆ ಅಂಟಿದ ಪುಡಿ ಒರೆಸಿದ. ಇಬ್ಬರೂ ಸೇರಿ ಅವಳನ್ನೆತ್ತಿ ಒಳಗೆ ಕೂರಿಸಿದರು.

ಒಡೆದ ಎರಡು ಮೀಟರಿಗೆ ತಾನೇ ಹಲಗೆ ಹೊಡೆಯುತ್ತೇನೆಂದ ಪೆಂಚೊ. ದಾರ ಬೇಡ, ಅಳತೆಗೆ ಅವಳ ಊರುಗೋಲು ಸಾಕು ಎಂದ. ಅಳೆಯುವುದೂ ಬಿಸಿಲಲ್ಲಿ ಬೇಡ, ನೆರಳು ಬೀಳದ ದಿನ ನೋಡಿ ಅಳೆಯೋಣವೆಂದ. ಅವಳು ಊರುಗೋಲು ಕೊಟ್ಟುಬಿಟ್ಟಳು.

ಮೂರು ದಿನ ಆಕಾಶದಲ್ಲಿ ಒಂದು ಎಳೆ ಮೋಡವಿರಲಿಲ್ಲ. ನೆದ್ಯಾಲ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ನಲವತ್ತಕ್ಕೆ ಇನ್ನು ಹತ್ತು ದಿನವಿತ್ತು. ಹುರುಳಿಕಾಯಿ ಸಾರು, ಬ್ರೆಡ್ಡು, ಕುರಿಹಾಲಿನ ಗಿಣ್ಣುಗಳನ್ನು ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಕೆಳಗೆ ಬಿಟ್ಟಳು. ಪೆಂಚೊ ಅದನ್ನು ತೆಗೆದುಕೊಂಡು ಚಪ್ಪರದ ಕೆಳಗೆ ಹೋಗಿ, ಬೆಂಚಿನ ಮೇಲೆ ತನ್ನ ತುದಿಯಲ್ಲಿ ಕೂತ.

"ಉಪ್ಪು ಸಾಲ್ದು ಕಣೇ" ಎಂದ.

"ಬಂದು ತಗೊಂಡ್ಹೋಗು, ಏಣಿ ಇದೆಯಲ್ಲ."

ಅವನು ಏಳಲಿಲ್ಲ. ತಿನ್ನುತ್ತ ಹೋದ. ಅವಳು ಮೇಲಿನಿಂದ ಚಮಚಗಳನ್ನು ಎಣಿಸಿದಳು. ಹದಿನಾಲ್ಕಾದ ಮೇಲೆ ಲೆಕ್ಕ ತಪ್ಪಿತು. ಆಮೇಲೆ ಮತ್ತೆ ಮೋಡಕ್ಕಾಗಿ ಬೆಟ್ಟದ ಕಡೆ ನೋಡಿದಳು.