ಮೊದಲ ಆರು ಅಕ್ಷರ

ದೇವರಾಜ ಮೊಹಲ್ಲಾದಲ್ಲಿ ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಮಳಿಗೆ ಬೀರೇಶನದು. ಕೆಟ್ಟ ಪೆನ್‌ಡ್ರೈವ್, ಮೆಮೊರಿ ಕಾರ್ಡುಗಳಿಂದ ಕಳೆದುಹೋದದ್ದನ್ನು ಹೆಕ್ಕಿ ಕೊಡುವುದು ಅವನ ಕಸುಬು. ಬೋಗಾದಿಯಿಂದ ಸ್ಕೂಟರಿನಲ್ಲಿ ಬಂದು, ಶಟರ್ ಎತ್ತಿ, ಸಂಜೆವರೆಗೆ ಪರದೆಗೆ ಮೂಗು ತಾಗಿಸಿಕೊಂಡು ಕೂರುತ್ತಾನೆ. ಕೆಲಸದಲ್ಲಿ ಗಟ್ಟಿಗ, ಜಂಬವೂ ಅಷ್ಟೇ ಗಟ್ಟಿ. ಆ ಜಂಬದ ಮೇಲೆ ನನಗೆ ಮೊದಲಿಂದಲೂ ಸಿಟ್ಟು.

"ಫೈಲಿನ ಹೆಸರಿನ ಕೊನೇಲಿ ಚುಕ್ಕಿ ಇಟ್ಟು ಜೆಪಿಜಿ, ಪಿಡಿಎಫ್ ಅಂತ ಬಾಲ ಇರತ್ತಲ್ಲ, ಅದನ್ನ ನಂಬಲೇಬಾರದು ಕಣ್ರೀ," ಎನ್ನುತ್ತಿದ್ದ. "ಬಾಲ ಯಾರು ಬೇಕಾದ್ರೂ ಬದಲಾಯಿಸ್ಬೋದು. ಒಳಗಿನ ಮೊದಲ ಅಕ್ಷರ ನೋಡ್ಬೇಕು."

ಅದು ನಿಜವೇ. ಒಮ್ಮೆ ನನ್ನ ಕಂಪ್ಯೂಟರಿನಲ್ಲಿದ್ದ ಫೋಟೋ ಒಂದರ ಬಾಲ ಕಿತ್ತು, ಪಿಡಿಎಫ್ ಬಾಲ ಅಂಟಿಸಿ ತೋರಿಸಿದ. ಕಂಪ್ಯೂಟರ್ ಅದನ್ನು ತೆರೆಯಲಾಗದೆ ಬೆಪ್ಪನಂತೆ ನಿಂತಿತು. ಅದೇ ಫೈಲಿನ ಒಳಗನ್ನು ಬಿಚ್ಚಿ ನೋಡಿದರೆ ಆರಂಭದಲ್ಲೇ ಫೋಟೋದ ಗುರುತು ಕೂತಿತ್ತು. ಫೋಟೋಗೆ ಒಂದು, ಹಾಡಿಗೆ ಒಂದು, ಹೀಗೆ ಬಹುಪಾಲು ಫೈಲುಗಳು ತಮ್ಮ ಜಾತಿಯ ಗುರುತನ್ನು ಮೊದಲ ಸಾಲಲ್ಲೇ ಹೊತ್ತಿರುತ್ತವೆ. ಅವೆಲ್ಲ ಬೀರೇಶನಿಗೆ ಬಾಯಿಪಾಠ.

ಕಳೆದ ವರ್ಷ ಆಷಾಢದಲ್ಲಿ ವಿಜಯನಗರದಿಂದ ಡೊರೊತಿ ಎಂಬುವರು ಬಂದರು. ಕರ್ಚೀಫಿನ ಗಂಟಿನಲ್ಲಿ ಉಗುರಗಲದ ಒಂದು ಕಾರ್ಡು. ತೀರಿಕೊಂಡ ಗಂಡ ದೇವಸಹಾಯಂ ಅವರ ಬಟನ್ ಫೋನಿನದು.

"ಮನೇಲಿ ದಿನಾ ಸಂಜೆ ಜಪಸರ ಮಾಡ್ತಿದ್ವಿ. ಒಂದೊಂದು ಮಣಿಗೂ ಪ್ರಾರ್ಥನೆಯ ಮೊದಲರ್ಧ ಅವ್ರು ಹೇಳೋರು, ಉಳಿದರ್ಧ ನಾನು. ಒಂದ್ಸಲ ಅದನ್ನ ಫೋನಲ್ಲಿ ಹಿಡಿದಿದ್ರು. ಅವ್ರ ದನಿ ಅಂತ ಇರೋದು ಅದೊಂದೇ ಕಣಪ್ಪ. ಈಗ ಕಾರ್ಡೇ ಕೆಟ್ಟೋಗಿದೆ."

ಕಾರ್ಡಿನಲ್ಲಿ ಹದಿನಾಲ್ಕು ಫೋಟೋ ಸಿಕ್ಕವು. ಎಎಂಆರ್ ಎಂಬ ಬಾಲದ ಒಂದು ಫೈಲೂ ಇತ್ತು. ಹಳೆಯ ಫೋನುಗಳು ದನಿಗೆ ಹಚ್ಚುವ ಬಾಲ ಅದು. ಒತ್ತಿದರೆ ಸದ್ದೇ ಇಲ್ಲ. ಬೀರೇಶ ಒಳಗೆ ಇಣುಕಿದ. ಗುರುತಿರಬೇಕಾದ ಜಾಗದಲ್ಲಿ ಬರೀ ಸೊನ್ನೆ.

"ಹೆಸರಿಗಷ್ಟೇ ದನಿ ಅಮ್ಮಾ, ಒಳಗೇನಿಲ್ಲ. ರೆಕಾರ್ಡೇ ಆಗಿಲ್ಲ ಅನ್ಸತ್ತೆ," ಎಂದ.

ಮೊದಲ ಸಾಲು ದಾಟಿ ಕೆಳಗೆ ಕಣ್ಣು ಹಾಯಿಸಲೂ ಇಲ್ಲ. ಯಾವ ಕಾರ್ಡೇ ಬರಲಿ, ಮೊದಲು ಪೂರ್ತಿ ನಕಲು ತೆಗೆದಿಟ್ಟುಕೊಳ್ಳುವವನು, ಇಷ್ಟು ಚಿಕ್ಕದಕ್ಕೆ ಯಾಕೆ ಎಂದು ಅವತ್ತು ನಕಲು ತೆಗೆಯಲಿಲ್ಲ. ಫೋಟೋಗಳನ್ನಷ್ಟೇ ತೆಗೆದು, ಕಾರ್ಡು ಸರಿಹೋಗಲೆಂದು ಅದನ್ನು ಪೂರ್ತಿ ಅಳಿಸಿ, ಆ ಫೋಟೋಗಳನ್ನೇ ಮತ್ತೆ ತುಂಬಿಸಿ ಕೊಟ್ಟ. ಡೊರೊತಿ ಅವನಿಗೆ ಕೈ ಮುಗಿದು ಹೋದರು.

ದೀಪಾವಳಿ ಕಳೆದ ಮೇಲೆ ವಕೀಲರ ಗುಮಾಸ್ತ ಮಹದೇವಯ್ಯ ಅಂಥದೇ ಫೋನಿನ ಕಾರ್ಡು ತಂದರು. ಅಲ್ಲೂ ಎಎಂಆರ್ ಬಾಲ, ಅಲ್ಲೂ ಆರಂಭದಲ್ಲಿ ಸೊನ್ನೆ. ಗುಮಾಸ್ತರು ಇಲ್ಲ ಎಂದರೆ ಎದ್ದು ಹೋಗುವ ಪೈಕಿಯಲ್ಲ. ಅವರ ಕಾಟ ತಡೆಯಲಾರದೆ ಬೀರೇಶ ಸೊನ್ನೆಗಳ ಜಾಗದಲ್ಲಿ ಆ ಜಾತಿಯ ಗುರುತನ್ನು, ಒಟ್ಟು ಆರೇ ಅಕ್ಷರ, ತಾನೇ ತುಂಬಿದ. ಫೈಲು ಮಾತಾಡಿತು. ಗುಮಾಸ್ತರು ಖುಷಿಯಿಂದ ಹೋದರು. ಬೀರೇಶ ಮುಖ ಬಿಳಿಚಿಕೊಂಡು ನನ್ನ ಅಂಗಡಿಗೆ ಬಂದು ಕೂತ.

"ಆ ಅಮ್ಮನ ಫೈಲಲ್ಲೂ ದನಿ ಇತ್ತು ಕಣ್ರೀ. ಹಣೆ ಮೇಲಿನ ಗುರುತೊಂದು ಹೋಗಿತ್ತು ಅಷ್ಟೆ. ನಾನೇ ಕೈಯಾರೆ ಅಳಿಸ್ಬುಟ್ಟೆ, ಇನ್ನು ಹೆಕ್ಕೋಕೂ ಆಗಲ್ಲ."

"ಬಾಲ ನಂಬಬೇಡಿ ಅಂತಿದ್ದೆಯಲ್ಲೋ ಮಹರಾಯ, ಆ ಬಾಲವೊಂದೇ ನಿಜ ಹೇಳ್ತಿತ್ತು!" ಎಂದು ಬೈದೆ. ಬೈಯಬಾರದಿತ್ತು. ಮರುದಿನ ಸಂಜೆ ಅವನನ್ನು ವಿಜಯನಗರಕ್ಕೆ ಎಳೆದೊಯ್ದವನೂ ನಾನೇ. ನಿಜ ಹೇಳಿಬಿಟ್ಟರೆ ಇಬ್ಬರಿಗೂ ಹಗುರವಾಗುತ್ತದೆ ಎಂದು ನಂಬಿದ್ದೆ.

ಡೊರೊತಿ ಎಲ್ಲವನ್ನೂ ಕೇಳಿಸಿಕೊಂಡರು. "ಹಂಗಾದ್ರೆ ಅವತ್ತು ಅವ್ರು ಅದರೊಳಗೆ ಇದ್ರಾ?"

"ಇದ್ರು ಅಮ್ಮಾ," ಎಂದ ಬೀರೇಶ.

"ರೆಕಾರ್ಡೇ ಆಗಿಲ್ಲ ಅಂದ್ರಲ್ಲ, ಸರಿ, ಇಲ್ಲದ್ದಕ್ಕೆ ಯಾಕೆ ಅಳೋದು ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ಈಗ ಅವ್ರನ್ನ ಇನ್ನೊಂದ್ಸಲ ಕಳ್ಕೊಳ್ಳೋ ಹಂಗೆ ಮಾಡ್ಬುಟ್ರಲ್ಲ."

ನನ್ನ ಜಾಣತನಕ್ಕೆ ನನಗೇ ಹೇಸಿಗೆಯಾಯಿತು.

ಜಪದ ಹೊತ್ತಾಗಿತ್ತು. ಅವರು ಮೇಣದಬತ್ತಿ ಹಚ್ಚಿ ಮೊಣಕಾಲೂರಿದರು. ಎದ್ದು ಹೋಗಲು ನಮಗೆ ಕಾಲೇ ಬರಲಿಲ್ಲ. ಮಣಿ ಹಿಡಿದು, ಅರ್ಧ ಪ್ರಾರ್ಥನೆ ಹೇಳುವಷ್ಟು ಹೊತ್ತು ಅವರು ಸುಮ್ಮನಿದ್ದರು. ಆಮೇಲೆ ತಮ್ಮ ಅರ್ಧ ಹೇಳಿದರು. ಮುಂದಿನ ಮಣಿಗೂ ಹಾಗೆಯೇ. ಬೀರೇಶ ತಲೆ ತಗ್ಗಿಸಿಕೊಂಡು ಕೊನೆಯ ಮಣಿಯವರೆಗೂ ಕೂತೇ ಇದ್ದ.