ಹಳೆಯ ಲ್ಯಾಪ್‌ಟಾಪಿನಲ್ಲಿ ನಿಂತವನು

ಕಕ್ಕಿಂಜೆಯಲ್ಲಿ ಸ್ವರ್ಣಲತಾ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ‘ಮುಖ ತೋರಿಸುವ ಸ್ವರ್ಣಕ್ಕ’ ಎಂದರೆ ಮಾತ್ರ ಚಾರ್ಮಾಡಿ ಘಾಟಿಯ ಬುಡದಿಂದ ನೆರಿಯದವರೆಗೆ ಎಲ್ಲರಿಗೂ ಗೊತ್ತು. ಕೊಲ್ಲಿಯಲ್ಲಿ ದುಡಿಯುವ ಗಂಡಂದಿರ, ಮಕ್ಕಳ ಮುಖವನ್ನು ಮನೆಯೊಳಗೇ ತಂದು ತೋರಿಸುವುದು ಅವಳ ಕಸುಬು. ಹೆಗಲಿಗೆ ಕಪ್ಪು ಚೀಲ, ಅದರಲ್ಲಿ ಇಟ್ಟಿಗೆಯಷ್ಟು ಭಾರದ ಲ್ಯಾಪ್‌ಟಾಪು, ಸಿಕ್ಕಿಸುವ ಪುಟ್ಟ ಕ್ಯಾಮೆರಾ, ವಯರುಗಳ ಒಂದು ಗಂಟು. ಗಂಡಸರೇ ತುಂಬಿರುವ ಸೈಬರ್ ಅಂಗಡಿಗೆ ಹೋಗಲು ಹಿಂಜರಿಯುವ ಹೆಂಗಸರು ಅವಳಿಗಾಗಿ ಕಾಯುತ್ತಿದ್ದರು.

ಅವಳು ಹುಟ್ಟಿದ್ದು ಮೂಡುಬಿದಿರೆಯಲ್ಲಿ. ತೊಂಬತ್ತರ ದಶಕದಲ್ಲಿ ಟೈಪಿಂಗ್ ಕಲಿಯಲೆಂದು ಸೇರಿದ ಕಡೆ ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಕಂಪ್ಯೂಟರು ತಂದಿಟ್ಟಿದ್ದರು. ಅದನ್ನೇ ಕಲಿತಳು. ಮದುವೆ ಕಾಗದ ಅಚ್ಚು ಮಾಡುವ ಪ್ರೆಸ್ಸಿನಲ್ಲಿ ಕೆಲವು ವರ್ಷ ಅಕ್ಷರ ಜೋಡಿಸಿದಳು. ಆಮೇಲೆ ಅವಳದೇ ಮದುವೆಯಾಯಿತು. ಗಂಡ ಲೋಕನಾಥನಿಗೆ ಕಕ್ಕಿಂಜೆಯ ರಸ್ತೆ ಬದಿಯಲ್ಲಿ ಹೋಟೆಲು. ಘಾಟಿ ಹತ್ತುವ ಲಾರಿಯವರು ಅಲ್ಲಿ ನಿಲ್ಲಿಸಿ ಗೋಳಿಬಜೆ ತಿಂದು ಚಹಾ ಕುಡಿದೇ ಮುಂದೆ ಹೋಗುತ್ತಿದ್ದರು. ಮಸ್ಕತ್ತಿನಲ್ಲಿದ್ದ ಅವಳ ಅಣ್ಣ ತಾನು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ತಂಗಿಗೆ ಕೊಟ್ಟಾಗ ಹೋಟೆಲಿನ ತಿಂಡಿಯ ದರಪಟ್ಟಿ ಬರೆಯುವುದಕ್ಕಿಂತ ಹೆಚ್ಚಿನ ಕೆಲಸ ಅದಕ್ಕಿರಲಿಲ್ಲ.

ಕಸುಬು ಹೊಳೆದದ್ದು ಅವಳಿಗಲ್ಲ, ಸುಹೈಬನಿಗೆ. ಹೋಟೆಲಿನ ಹಿಂದಿನ ಓಣಿಯ ಸೈನಬಕ್ಕನ ಒಬ್ಬನೇ ಮಗ ಅವನು, ಸೌದಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಒಂದು ದಿನ ಲೋಕನಾಥನಿಗೆ ಫೋನು ಮಾಡಿದವನು, “ಸ್ವರ್ಣಕ್ಕನ ಹತ್ತಿರ ಲ್ಯಾಪ್‌ಟಾಪ್ ಉಂಟಲ್ಲ, ಅದನ್ನೊಮ್ಮೆ ನಮ್ಮ ಮನೆಗೆ ತಕ್ಕೊಂಡು ಹೋಗ್ಲಿಕ್ಕೆ ಹೇಳಿ ಮಾರಾಯ್ರೆ. ಉಮ್ಮನನ್ನು ನೋಡದೆ ವರ್ಷ ಎಷ್ಟಾಯ್ತು” ಎಂದ. ಹಾಗೆ ಶುರುವಾದದ್ದು. ಒಂದು ಮನೆ ನೋಡಿ ಇನ್ನೊಂದು ಮನೆಯವರು ಕರೆದರು. ಬ್ಯಾರಿಗಳ ಮನೆ, ಬಂಟರ ಮನೆ, ಪೂಜಾರಿಗಳ ಮನೆ, ಕರೆದಲ್ಲಿಗೆಲ್ಲ ಹೋದಳು.

ಮೊದಮೊದಲು ಆಯಾ ಮನೆಯ ಫೋನಿನ ತಂತಿಯನ್ನೇ ಲ್ಯಾಪ್‌ಟಾಪಿಗೆ ಸಿಕ್ಕಿಸಬೇಕಿತ್ತು. ಮಾತು ಮೊಬೈಲಿನಲ್ಲಿ, ಮುಖ ಪರದೆಯಲ್ಲಿ. ಮಾತು ಮೊದಲು ಬರುತ್ತಿತ್ತು, ಮುಖ ಆಮೇಲೆ. ಸುಹೈಬ್ ನಕ್ಕದ್ದು ಕಿವಿಗೆ ಕೇಳಿ, ನಗು ಮುಗಿದು, ಅವನು ಗಂಭೀರವಾಗಿ ಬೇರೇನೋ ಹೇಳುತ್ತಿರುವಾಗ ಪರದೆಯ ಮೇಲೆ ಅವನು ನಗುತ್ತಿದ್ದ. ಅವನ ಹೆಂಡತಿ ರಾಫಿಯಾ ಅದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು. ಸೈನಬಕ್ಕ ಮಾತ್ರ ಜಪಮಣಿಯ ತಸ್ಬಿ ಹಿಡಿದು ಪರದೆಗೆ ನೇರವಾಗಿ ಕೂತು, ಅವನು ಕೇಳಿದಾಗಲೆಲ್ಲ “ಕಾಣ್ತದೆ ಮಗನೇ, ಚೆನ್ನಾಗಿ ಕಾಣ್ತದೆ” ಎನ್ನುವಳು.

ಅದೊಂದು ಶುಕ್ರವಾರ. ಜುಮಾ ನಮಾಝು ಮುಗಿಸಿ ಬಂದ ಸುಹೈಬ್ ಬಿಳಿ ಅಂಗಿಯಲ್ಲಿ ಕೂತಿದ್ದ. ಗೇರುಬೀಜ ಆಯ್ತಾ, ಬಾವಿಯಲ್ಲಿ ನೀರು ಉಂಟಾ ಎಂದೆಲ್ಲ ಕೇಳಿದ. “ಡ್ಯೂಟಿ ಉಂಟು, ಇಡ್ತೇನೆ ಉಮ್ಮಾ” ಎಂದು ಫೋನು ಇಟ್ಟ. ಫೋನು ಇಟ್ಟ ಮೇಲೆ ಪರದೆಯ ಮೇಲೆ ಇನ್ನೊಂದು ಚಿತ್ರ ಬಂತು. ಬಲಗೈ ಅರ್ಧ ಎತ್ತಿದ್ದಾನೆ, ಆದರೆ ಮುಖ ಇತ್ತ ಇಲ್ಲ. ಯಾರೋ ಹಿಂದಿನಿಂದ ಕರೆದ ಹಾಗೆ ಹೆಗಲ ಮೇಲಿಂದ ಬಾಗಿಲ ಕಡೆ ತಿರುಗಿದ್ದಾನೆ. ಅಲ್ಲಿಗೆ ನಿಂತುಬಿಟ್ಟಿತು. ನೆರಿಯದಲ್ಲಿ ಇನ್ನೊಂದು ಮನೆಯವರು ಕಾಯುತ್ತಿದ್ದುದರಿಂದ ಸ್ವರ್ಣಲತಾ ಮುಚ್ಚಳ ಹಾಕಿ ಎದ್ದಳು. ಆದರೆ ನೆರಿಯದ ಬಸ್ಸು ತಪ್ಪಿತು, ಮನೆಗೆ ಬಂದು ಲ್ಯಾಪ್‌ಟಾಪನ್ನು ಕರೆಂಟಿಗೆ ಹಾಕಿಟ್ಟಳು.

ಸುದ್ದಿ ಮರುದಿನ ಬೆಳಿಗ್ಗೆ ಹೋಟೆಲಿಗೆ ಬಂತು. ದಮ್ಮಾಮಿನ ರಸ್ತೆಯಲ್ಲಿ ಟ್ಯಾಂಕರ್ ಮಗುಚಿತ್ತು. ಸುಹೈಬ್ ಅಲ್ಲೇ ಹೋಗಿಬಿಟ್ಟಿದ್ದ. ಮಣ್ಣು ಮಾಡಿದ್ದೂ ಅಲ್ಲೇ. ಸೈನಬಕ್ಕನ ಅಂಗಳದಲ್ಲಿ ಜನ ಸೇರಿದರು, ಆದರೆ ತರುವುದಕ್ಕೂ ಹೊರುವುದಕ್ಕೂ ಏನೂ ಇರಲಿಲ್ಲ. ಗಂಡಸರು ಕೈ ಕಟ್ಟಿ ನಿಂತು ನಿಂತು ಹೋದರು.

ಅಲ್ಲಿಂದ ಬಂದು ಸ್ವರ್ಣಲತಾ ಲ್ಯಾಪ್‌ಟಾಪಿನ ಮುಚ್ಚಳ ಎತ್ತಿದಳು. ಅವನು ಹಾಗೆಯೇ ಇದ್ದ. ಕೈ ಎತ್ತಿಕೊಂಡು, ಬಾಗಿಲ ಕಡೆ ತಿರುಗಿಕೊಂಡು.

ಮೂಲೆಯ ಗುಣಿಸು ಗುರುತು ಒತ್ತಿದರೆ ಸಾಕು, ಚಿತ್ರ ಹೋಗುತ್ತದೆ. ಬೆರಳು ಅಲ್ಲಿಯವರೆಗೆ ಹೋಗಿ ವಾಪಸು ಬಂತು. ನಾಳೆ ಒತ್ತಿದರಾಯಿತು ಎಂದುಕೊಂಡಳು. ಜನ ಲೈನಿಗೆ ಸಿಗುವವರೆಗೆ ಕಾಯಬೇಕಾಗುತ್ತದೆಂದು ಪರದೆ ತಾನಾಗಿ ಆರದ ಹಾಗೆ ಅವಳೇ ಮಾಡಿಟ್ಟಿದ್ದಳು. ಹಾಗಾಗಿ ಮುಚ್ಚಳ ತೆರೆದೇ ಇದ್ದ ಅದು ಒಳಗಿನ ಕೋಣೆಯಲ್ಲಿ ಉರಿಯುತ್ತಲೇ ಉಳಿಯಿತು. ನಾಳೆಯೂ ಒತ್ತಲಿಲ್ಲ, ನಾಡಿದ್ದೂ ಇಲ್ಲ. ಕೆಲಸಕ್ಕೂ ಹೋಗದೆ ವಾರಗಳು ಕಳೆದವು. ಬಟ್ಟೆ ಮಡಚಲು ಆ ಕೋಣೆಗೆ ಹೋದರೆ ಬೆನ್ನ ಹಿಂದೆ ಯಾರೋ ಹೊರಡಲು ಎದ್ದುನಿಂತ ಹಾಗೆ ಅನಿಸುತ್ತಿತ್ತು. ಅವನನ್ನು ಕರೆದದ್ದು ಯಾರು? ಜೊತೆಯ ಡ್ರೈವರೋ, ಮೇಸ್ತ್ರಿಯೋ? ಆ ಕರೆ ಬಾರದಿದ್ದರೆ ಅವನು ಇನ್ನಷ್ಟು ಹೊತ್ತು ಕೂತು ಮಾತಾಡುತ್ತಿದ್ದನೋ ಏನೋ.

“ಅದನ್ನೊಮ್ಮೆ ಬಂದ್ ಮಾಡು” ಎಂದ ಲೋಕನಾಥ, ಬಾಗಿಲ ಹೊರಗೇ ನಿಂತು. “ನಾನು ಈ ಕೋಣೆಗೆ ಬರುವುದನ್ನೇ ಬಿಟ್ಟಿದ್ದೇನೆ.”

“ನಮ್ಮ ಮನೆಯ ಕುಲೆ ಆದ್ರೆ ಎಲೆ ಹಾಕಿ ಬಡಿಸಿ, ಬಾಗಿಲು ಎಳೆದುಕೊಂಡು ಹೊರಗೆ ಕೂರಬಹುದಿತ್ತು” ಎಂದಳು ಅವಳು. ಸತ್ತವರಿಗೆ ವರ್ಷಕ್ಕೊಮ್ಮೆ ಹಾಗೆ ಬಡಿಸುವುದು ಅವರಿಬ್ಬರ ಮನೆಯಲ್ಲೂ ಉಂಟು. “ಬೇರೆಯವರ ಮಗನಿಗೆ ಎಂತ ಬಡಿಸುವುದು, ನೀವೇ ಹೇಳಿ.”

ಲೋಕನಾಥ ಹೋಟೆಲಿನ ಕಡೆ ಹೊರಟುಹೋದ.

ಕೊನೆಗೆ ಅದನ್ನು ಆರಿಸಿದ್ದು ಕರೆಂಟು. ಒಂದು ಮಧ್ಯಾಹ್ನ ಲೈನು ಹೋದದ್ದು ಸಂಜೆಯವರೆಗೂ ಬರಲಿಲ್ಲ. ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಸ್ವರ್ಣಲತಾ ಎದೆ ಬಡಿದುಕೊಳ್ಳುತ್ತಾ ಅತ್ತಳು, ಅತ್ತು ಹಗುರವಾದಳು. ಲೈನು ಬಂದ ಮೇಲೆ ಲ್ಯಾಪ್‌ಟಾಪು ಹಾಕಿದಳು. ಬೂದು ಬಣ್ಣದ ಪರದೆ ತೆರೆದುಕೊಂಡಾಗ ಅದರೊಳಗೆ ತೆಳ್ಳಗೆ, ಒದ್ದೆ ಬಟ್ಟೆ ಒರಸಿದ ಕಲೆಯ ಹಾಗೆ, ಒಂದು ಹೆಗಲು ಕಂಡಿತು. ಅದರ ಪಕ್ಕದಲ್ಲಿ ಎತ್ತಿದ ಕೈ.

ಕಣ್ಣಿನ ಭ್ರಮೆ ಎಂದುಕೊಂಡು ಅವಳು ಕೆಲಸಕ್ಕೆ ಹೊರಟಳು. ನೆರಿಯದಲ್ಲಿ ನವ್ಯಾ ಎಂಬ ಹೊಸ ಮದುಮಗಳು, ಗಂಡ ಕುವೈತಿನಲ್ಲಿ. ಅವನ ಮುಖ ಮೂಡಿದ್ದೇ ನವ್ಯಾ ಸಂತೋಷದಿಂದ ಮುಂದೆ ಬಾಗಿದಳು. ಮತ್ತೆ ಸ್ವಲ್ಪ ಹಿಂದೆ ಸರಿದಳು.

“ಅಕ್ಕಾ, ಇವರ ಹಿಂದೆ ಯಾರು ನಿಂತದ್ದು?”

“ಯಾರೂ ಇಲ್ಲವಲ್ಲ. ಗೋಡೆ ಅದು.”

“ಅಲ್ಲ ಅಕ್ಕ. ಹೋಗ್ಲಿಕ್ಕೆ ಎದ್ದ ಹಾಗೆ ಉಂಟು.” ನವ್ಯಾ ಫೋನಿನಲ್ಲಿ ಗಂಡನನ್ನೇ ಕೇಳಿದಳು, “ರೂಮಿನಲ್ಲಿ ನಿಮ್ಮ ಜೊತೆ ಯಾರಿದ್ದಾರೆ?”

“ನಾನೊಬ್ಬನೇ” ಎಂದ ಅವನು.

ಅಂದು ನವ್ಯಾ ಮಾತು ಬೇಗ ಮುಗಿಸಿದಳು. ಮುಂದಿನ ವಾರ ಸ್ವರ್ಣಲತಾಳನ್ನು ಕರೆಯಲಿಲ್ಲ. ಮಾತು ಒಂದು ಬಾಯಿಂದ ಇನ್ನೊಂದಕ್ಕೆ ಹೋಗಿ, ಸುಹೈಬ್ ಸ್ವರ್ಣಕ್ಕನ ಲ್ಯಾಪ್‌ಟಾಪಿನಲ್ಲಿ ಕೂತಿದ್ದಾನಂತೆ ಎಂದಾಯಿತು. ಬಾಗಿಲಿಗೆ ಬಂದವಳಿಗೆ ಚಹಾ ಕೊಟ್ಟು, “ಇವತ್ತು ಬೇಡ ಅಕ್ಕ, ಅವರಿಗೆ ಡ್ಯೂಟಿಯಂತೆ” ಎಂದು ಕಳಿಸಿದರು.

ಎರಡು-ಮೂರು ತಿಂಗಳು ಹೀಗೇ ಕಳೆದ ಮೇಲೆ ಲೋಕನಾಥನೇ ಅವಳನ್ನು ಬಂಟ್ವಾಳದ ಬಿ.ಸಿ. ರೋಡಿಗೆ ಕರೆದುಕೊಂಡು ಹೋದ. ಅಲ್ಲಿ ನವಾಝ್ ಎಂಬಾತ ಕಂಪ್ಯೂಟರ್ ಮಾರುವ, ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಲ್ಯಾಪ್‌ಟಾಪನ್ನು ಓರೆ ಮಾಡಿ, ದೀಪಕ್ಕೆ ಹಿಡಿದು ನೋಡಿದ.

“ಇದೇನೂ ಹೆದರುವಂಥದ್ದಲ್ಲ ಅಕ್ಕ. ಒಂದೇ ಚಿತ್ರ ತುಂಬಾ ಹೊತ್ತು ಇಟ್ರೆ ನೆರಳು ನಿಲ್ತದೆ. ಹಳೇ ಪರದೆ ಅಲ್ವಾ. ಕೆಲವು ಸಲ ದಿನ ಹೋದ ಹಾಗೆ ತಾನಾಗಿ ಮಾಸಿ ಹೋಗ್ತದೆ.”

“ಹೋಗ್ತದಾ?” ಎಂದಳು ಸ್ವರ್ಣಲತಾ. ತನ್ನ ಸ್ವರದಲ್ಲಿ ಸಮಾಧಾನವಿರಲಿಲ್ಲ ಎಂಬುದು ಅವಳಿಗೇ ಗೊತ್ತಾಯಿತು.

ನವಾಝ್ ಎರಡು ದಾರಿ ಹೇಳಿದ. ಇದಕ್ಕೇ ಬೇರೆ ಪರದೆ ಹಾಕಿಸುವುದು ಒಂದು; ಹಳೇ ಮಾಡೆಲಾದರೂ ಗಟ್ಟಿ ಉಂಟು, ಕೀಲಿಮಣೆ ಅವಳ ಕೈಗೆ ಪಳಗಿದೆ. ಇಲ್ಲದಿದ್ದರೆ ಇದನ್ನು ಕೊಟ್ಟು ಹೊಸ ಮಾಡೆಲು ತೆಗೆದುಕೊಳ್ಳುವುದು. ಹೊಸತನ್ನು ಅವಳ ಎದುರು ತೆರೆದಿಟ್ಟ. ತೂಕವೇ ಇಲ್ಲ, ಮುಚ್ಚಳದಲ್ಲೇ ಕ್ಯಾಮೆರಾ, ಪರದೆ ಬಾವಿಯ ನೀರಿನ ಹಾಗೆ ತಿಳಿ. ಅವಳದೇ ಮುಖ ಅದರಲ್ಲಿ ಮೂಡಿತು. ಕಣ್ಣ ಕೆಳಗಿನ ಕಪ್ಪು, ಮೂಗುಬೊಟ್ಟಿನ ಹರಳು, ಎಲ್ಲ. ಹಿಂದೆ ಲೋಕನಾಥ, ಅವನ ಹಿಂದೆ ರಸ್ತೆ. ಬೇರೆ ಯಾರೂ ಇರಲಿಲ್ಲ.

“ಯಾವುದು ಮಾಡುವ ಅಕ್ಕ?”

“ಪರದೆ ಬದಲಿಸಿದ್ರೆ ಹಳೇದನ್ನು ಎಂತ ಮಾಡ್ತೀರಿ?”

“ಎಂತ ಮಾಡುವುದು, ಬಿಸಾಡುವುದೇ.”

“ಎರಡು ದಿನ ಬಿಟ್ಟು ಹೇಳ್ತೇನೆ” ಎಂದು ಅವಳು ಹಳೆಯದನ್ನು ಚೀಲಕ್ಕೆ ಹಾಕಿಕೊಂಡಳು. ಬಸ್ಸಿನಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಲೋಕನಾಥ ಕಿಟಕಿಯ ಹೊರಗೆ ನೋಡುತ್ತಾ ಕೂತ.

ಅವರು ಬಂದಿಳಿದಾಗ ರಾಫಿಯಾ ಹೇಳಿಕಳಿಸಿದ್ದು ಕಾದಿತ್ತು, ಉಮ್ಮ ಕರೆಯುತ್ತಿದ್ದಾರೆ, ಲ್ಯಾಪ್‌ಟಾಪು ತರಬೇಕಂತೆ. ಗಂಡ ತೀರಿದ ಹೆಂಗಸು ಹೊರಗೆ ಬಾರದೆ ಕೂರುವ ಇದ್ದತ್ತು ರಾಫಿಯಾಳಿಗೆ ಆಗಷ್ಟೇ ಮುಗಿದಿತ್ತು. ಬಾಗಿಲಲ್ಲೇ ಸ್ವರ್ಣಲತಾಳ ಕೈ ಹಿಡಿದಳು.

“ಉಮ್ಮನಿಗೆ ಯಾರೋ ಹೇಳಿಬಿಟ್ಟಿದ್ದಾರೆ ಸ್ವರ್ಣಕ್ಕ. ತೋರಿಸಬೇಡಿ. ಅಳಿಸಿ ಹೋಗಿದೆ ಅಂತ ಹೇಳಿ.”

“ನೀನು ನೋಡ್ತೀಯಾ?”

ರಾಫಿಯಾ ತಲೆಯಾಡಿಸಿದಳು. “ನನಗೆ ಬೇಡ. ನನಗೆ ಅವರು ನಗುವುದು ಸಾಕು, ಬೆನ್ನು ತಿರುಗಿಸಿದ್ದು ಬೇಡ.”

ಒಳಗಿನಿಂದ ಸೈನಬಕ್ಕನ ಸ್ವರ ಕೇಳಿತು. “ಮಗಳೇ, ಅಲ್ಲಿ ಪಿಸುಗುಟ್ಟಬೇಡ. ತಾ ಇಲ್ಲಿ.”

ಮುದುಕಿಯ ಎದುರು ಸುಳ್ಳು ಹೇಳಲು ಸ್ವರ್ಣಲತಾಳಿಂದ ಆಗಲಿಲ್ಲ. ಲ್ಯಾಪ್‌ಟಾಪು ತೆರೆದಳು. ಬೂದು ಪರದೆ, ಅದರೊಳಗೆ ಆ ಕಲೆ. ಮೊದಲಿಗಿಂತ ಮಾಸಿತ್ತು. ಸೈನಬಕ್ಕ ಮೂಗು ಮುಟ್ಟುವಷ್ಟು ಹತ್ತಿರ ಬಂದು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಮುಖದ ಸುಕ್ಕುಗಳು ಸಡಿಲಾದವು.

“ಇದ್ದಾನೆ” ಎಂದಳು. “ಹಾಗೇ ಇದ್ದಾನೆ.”

“ಬರೀ ನೆರಳು ಸೈನಬಕ್ಕ. ಮುಖ ಇಲ್ಲ.”

“ನನಗೆ ಯಾವಾಗ ಮುಖ ಕಂಡದ್ದುಂಟು? ನೀನು ಮೊದಲ ದಿನ ತಂದಾಗಲೇ ನನ್ನ ಕಣ್ಣಿಗೆ ಪೊರೆ ಬಂದಾಗಿತ್ತು. ಇಷ್ಟೇ ಕಂಡದ್ದು ಯಾವತ್ತೂ, ಈ ಹೆಗಲು, ಈ ಕೈ. ಅವನಿಗೆ ಬೇಸರ ಆದೀತು ಅಂತ ಕಾಣ್ತದೆ, ಕಾಣ್ತದೆ ಅಂದದ್ದು.”

ರಾಫಿಯಾ ಬಾಗಿಲಿನಿಂದ ಅತ್ತೆಯ ಕಣ್ಣನ್ನೇ ನೋಡಿದಳು. ಅಷ್ಟು ವರ್ಷ ಪಕ್ಕದಲ್ಲೇ ಕೂತಿದ್ದ ಅವಳಿಗೂ ಗೊತ್ತಿರಲಿಲ್ಲ.

“ಇದನ್ನು ಇಲ್ಲೇ ಬಿಟ್ಟು ಹೋಗು ಮಗಳೇ” ಎಂದಳು ಸೈನಬಕ್ಕ.

ಸ್ವರ್ಣಲತಾ ಬಿಟ್ಟು ಬಂದಳು. ಆದರೆ ಮರುವಾರವೇ ರಾಫಿಯಾ ಹೋಟೆಲಿನ ಹಿಂಬಾಗಿಲಿಗೆ ಬಂದಳು, ಬುರ್ಖಾದೊಳಗೆ ಲ್ಯಾಪ್‌ಟಾಪನ್ನು ಮಗುವಿನಂತೆ ಅವಚಿಕೊಂಡು. “ಉಮ್ಮ ಊಟಕ್ಕೆ ಏಳುವುದಿಲ್ಲ. ನಮಾಝಿನ ಹೊತ್ತಿಗೂ ಇದರ ಎದುರಿಂದ ಕದಲುವುದಿಲ್ಲ. ಬಂದವರಿಗೆಲ್ಲ ‘ಸುಹೈಬ್ ಡ್ಯೂಟಿಗೆ ಹೊರಟಿದ್ದಾನೆ, ಸ್ವಲ್ಪ ಮೆಲ್ಲ ಮಾತಾಡಿ’ ಅಂತಾರೆ. ನನಗೆ ಹೆದರಿಕೆ ಆಗ್ತದೆ ಸ್ವರ್ಣಕ್ಕ. ಇದರೊಳಗಿನವರನ್ನು ಹೊರಡ್ಲಿಕ್ಕೆ ಬಿಡಿ.”

ಸ್ವರ್ಣಲತಾ ಸಿಕ್ಕಿದ ಮೊದಲ ಬಸ್ಸಿಗೆ ಬಿ.ಸಿ. ರೋಡಿಗೆ ಹೋದಳು. ಹಳೆಯದನ್ನು ನವಾಝನ ಮೇಜಿನ ಮೇಲಿಟ್ಟು, ಒಮ್ಮೆ ತೆರೆದು ನೋಡಿದಳು. ಹೆಗಲು ಹೆಚ್ಚುಕಡಿಮೆ ಹೋಗಿತ್ತು, ಕೈ ಇನ್ನೂ ಇತ್ತು. “ಹೊಸತೇ ಕೊಡಿ” ಎಂದಳು. ಹಳೆಯದು ಮುಂದೆ ಏನಾಯಿತೆಂದು ಅವಳು ಕೇಳಲಿಲ್ಲ, ನವಾಝ್ ಹೇಳಲೂ ಇಲ್ಲ.

ಹೊಸತು ಬಂದ ಮೇಲೆ ಜನ ಮತ್ತೆ ಕರೆದರು. ಫೋನಿನ ತಂತಿಯ ಬದಲು ಡಾಟಾ ಕಾರ್ಡು ಬಂದದ್ದರಿಂದ ಮಾತು ಮುಖ ಎರಡೂ ಒಟ್ಟಿಗೆ ಬರತೊಡಗಿದವು. ನವ್ಯಾ ಕೂಡ ಕರೆದಳು. ಆದರೆ ಸ್ವರ್ಣಲತಾಳಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಯಾರ ಮುಖ ಮೂಡಿದರೂ ಅವಳ ಕಣ್ಣು ಮೊದಲು ಅವರ ಹೆಗಲ ಹಿಂದಕ್ಕೆ ಹೋಗುತ್ತಿತ್ತು. ಕೊನೆಯಲ್ಲಿ ಚಿತ್ರ ನಿಂತುಬಿಟ್ಟರೆ ಅಲ್ಲಿಂದ ಏಳುತ್ತಿರಲಿಲ್ಲ. ಮತ್ತೆ ಫೋನು ಮಾಡಿಸಿ, ಆಚೆಯವರು ಒಮ್ಮೆ ಅಲುಗಾಡಿದ್ದನ್ನು ನೋಡಿಯೇ ಮುಚ್ಚಳ ಹಾಕುವಳು. “ಇದೆಂತ ಸ್ವರ್ಣಕ್ಕ ನಿಮ್ಮದು” ಎಂದು ಹೆಂಗಸರು ನಗುತ್ತಿದ್ದರು.

ಸೈನಬಕ್ಕ ಲ್ಯಾಪ್‌ಟಾಪು ಎಲ್ಲಿ ಎಂದು ಕೆಲವು ದಿನ ಕೇಳಿ, ಆಮೇಲೆ ಸುಮ್ಮನಾದಳು. ಬೆಳ್ತಂಗಡಿಯಲ್ಲಿ ಕಣ್ಣಿನ ಶಿಬಿರವಾದಾಗ ರಾಫಿಯಾ ಹಟ ಹಿಡಿದು ಕರೆದುಕೊಂಡು ಹೋಗಿ ಪೊರೆ ತೆಗೆಸಿದಳು. ಪಟ್ಟಿ ಬಿಚ್ಚಿದ ಮೇಲೆ ಒಂದು ದಿನ, ಶಾರ್ಜಾದಲ್ಲಿದ್ದ ರಾಫಿಯಾಳ ತಮ್ಮನೊಡನೆ ಮಾತಾಡಿಸಲು ಸ್ವರ್ಣಲತಾ ಆ ಮನೆಗೆ ಹೋದಳು. ಅವನ ಮುಖ ಮೂಡಿತು. ಸೈನಬಕ್ಕ ಕಪ್ಪು ಕನ್ನಡಕ ತೆಗೆದಳು. ಹುಡುಗನ ಗಲ್ಲದ ಮೇಲೆ ಕ್ಷೌರದ ಗಾಯವಿತ್ತು, ಹುಬ್ಬಿನಲ್ಲಿ ಬೆವರಿತ್ತು. ಅವಳು ಅದನ್ನೆಲ್ಲ ಒಂದೊಂದಾಗಿ ನೋಡಿದಳು.

ಮಾತು ಮುಗಿದ ಮೇಲೂ ಅವಳು ಕದಲಲಿಲ್ಲ.

“ಮಗಳೇ, ಇದರಲ್ಲಿ ಇಷ್ಟು ಚಂದ ಕಾಣ್ತದಾ?”

“ಹೌದು ಸೈನಬಕ್ಕ.”

“ಆ ಹಳೇದರಲ್ಲೂ ಹೀಗೇ ಕಾಣ್ತಿತ್ತಾ? ನನಗೆ ಕಣ್ಣಿದ್ದಿದ್ರೆ ನನ್ನ ಮಗನ ಮುಖ ಹೀಗೇ ನೋಡಬಹುದಿತ್ತಾ?”

ರಾಫಿಯಾ ತಲೆ ಎತ್ತಿ ಸ್ವರ್ಣಲತಾಳನ್ನು ನೋಡಿದಳು. ಹಳೆಯದು ಎಷ್ಟು ಹಳೆಯದಾದರೂ ಸುಹೈಬನ ಬಲಗೆನ್ನೆಯ ಮಚ್ಚೆ ಅದರಲ್ಲಿ ಸರಿಯಾಗಿ ಕಾಣುತ್ತಿತ್ತು. ತನ್ನ ಕೊನೆಯ ರಂಜಾನಿನಲ್ಲಿ ಅವನು ಗಡ್ಡ ಬಿಟ್ಟದ್ದು ಕಂಡಿತ್ತು, ತಾಯಿಯನ್ನು ನೋಡುವಾಗ ಅವನ ಕಣ್ಣು ತುಂಬುವುದೂ ಕಂಡಿತ್ತು.

“ಇಲ್ಲ ಸೈನಬಕ್ಕ” ಎಂದಳು ಸ್ವರ್ಣಲತಾ. “ಅದು ಹಳೇ ಮಾಡೆಲು. ಅದರಲ್ಲಿ ನಮಗೂ ನೆರಳೇ ಕಾಣ್ತಿದ್ದದ್ದು.”

ಮುದುಕಿ ಹೂಂಗುಟ್ಟಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಕನ್ನಡಕವನ್ನು ಮತ್ತೆ ಹಾಕಿಕೊಂಡು, ಸ್ವರ್ಣಲತಾಳಿಗೆ ಚಹಾ ಮಾಡಲು ಸೊಸೆಗೆ ಹೇಳಿದಳು.